ಸಾಫ್ತಜ್ಜಿಯ ಮನೆಗೊಂದು ಸಾಲು

ಬಹಳ ಹಿಂದೆ, ರೊಮೇನಿಯಾ ದೇಶದ ಬೆಟ್ಟದ ಮಗ್ಗುಲಲ್ಲಿ ಒಂದು ಊರಿತ್ತಂತೆ. ಯಾವ ಇಸವಿ ಅಂತ ಕೇಳಬೇಡಿ, ಹೇಳಿದವರಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಸಾಫ್ತಾ ಅಂತ ಒಬ್ಬಳು ಕವಿತೆ ಕಟ್ಟುವವಳು. ಅವಳು ಪಕ್ಕದಲ್ಲಿ ಕೂತು ಪದ ಹೇಳಿದರೆ ಹುಳಿ ಹಿಡಿಯದ ಹಿಟ್ಟೂ ಉಬ್ಬುತ್ತಿತ್ತಂತೆ. ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು, ಇರಲಿ ಬಿಡಿ.

ಆಗಿನ ದೊರೆಗೆ ಕವಿತೆ ಕಂಡರಾಗದು. ಅವನ ಆಳುಗಳು ಬಂದು ಸಾಫ್ತಾಳ ಕಾಗದವನ್ನೆಲ್ಲ ಅಂಗಳದಲ್ಲೇ ಸುಟ್ಟರಂತೆ. ಇನ್ನೊಂದು ಅಕ್ಷರ ಬರೆದರೆ ಕೈ ಉಳಿಯದು ಅಂದರಂತೆ. ಸಾಫ್ತಾ ಮೂರು ದಿನ ಅತ್ತಳು. ನಾಲ್ಕನೆಯ ದಿನ ಎದ್ದವಳು ತಲೆಯಲ್ಲೇ ಒಂದು ದೊಡ್ಡ ಪದ ಕಟ್ಟಿದಳು. ಬೀದಿ ಹಿಡಿದು ಹೊರಟು ಮನೆಗೊಂದು ಸಾಲು ಕೊಟ್ಟಳು. ರೊಟ್ಟಿಗೆ ಹಿಟ್ಟು ನಾದುವವರ ಪಕ್ಕ ಕೂತು, ಹಿಟ್ಟು ಹದಕ್ಕೆ ಬರುವವರೆಗೂ ಹೇಳಿಕೊಟ್ಟಳು. ಆಳುಗಳು ಮತ್ತೆ ಬಂದು ಹುಲ್ಲಿನ ಬಣವೆಯನ್ನೂ ಬಿಡದೆ ಕೆದಕಿದರಂತೆ. ಒಂದು ಚೂರು ಕಾಗದವೂ ಸಿಗಲಿಲ್ಲ.

ಆದರೆ ಒಂದು ಎಡವಟ್ಟಾಗಿತ್ತು. ಬೀದಿಯಲ್ಲಿ ಮನೆಗಳಿದ್ದ ಕ್ರಮದಲ್ಲೇ ಹಂಚಿದ್ದರಿಂದ, ತೋಡರ್ ಅನ್ನುವವನ ಸಾಲಿನ ಹಿಂದೆಯೇ ಪಕ್ಕದ ಮನೆಯ ಪರಸ್ಕೀವಾ ಅನ್ನುವವಳ ಸಾಲು ಬರಬೇಕು. ಬೇಲಿಯ ಮೇಲಿನ ಪ್ಲಮ್ ಮರದ ಹಣ್ಣು ಯಾರದು ಅಂತ ಅವರಿಬ್ಬರಿಗೂ ಹಾವು ಮುಂಗುಸಿ ವೈರ. ಪಾಪ, ಸಾಫ್ತಾಳಿಗೆ ಅದು ಹೊಳೆಯಲೇ ಇಲ್ಲ.

ವರ್ಷಗಳು ಉರುಳಿ ದೊರೆ ಸತ್ತ. ಅಷ್ಟರಲ್ಲಿ ಸಾಫ್ತಾ ಸಾಫ್ತಜ್ಜಿಯಾಗಿದ್ದಳು. ಕಣ್ಣು ಹೋಗಿತ್ತು, ನೆನಪೂ ಹೋಗಿತ್ತು, ತಾನು ಕಟ್ಟಿದ ಪದದ ಒಂದು ಸಾಲೂ ತಲೆಯಲ್ಲಿ ಉಳಿದಿರಲಿಲ್ಲ. ಸಾಯುವ ಮುಂಚೆ ಒಮ್ಮೆ ಅದನ್ನು ಇಡಿಯಾಗಿ ಕೇಳಬೇಕು ಅನ್ನುವುದೊಂದೇ ಆಸೆ. ಊರೆಲ್ಲ ಚರ್ಚಿನ ಅಂಗಳದಲ್ಲಿ ಸೇರಿತು.

ಒಂದೊಂದೇ ಮನೆ ತನ್ನ ಸಾಲು ಹೇಳುತ್ತ ಬಂತು. ತೋಡರ್ ಟೋಪಿ ತೆಗೆದು ಹೇಳಿದ: "ಹಿಮ ಮುಚ್ಚಿದ ಊರಿಗೆ ದಾರಿ ತೋರುವವರು ಯಾರು?"

ಪರಸ್ಕೀವಾ ತನ್ನ ಸಾಲು ಹೇಳಲೊಪ್ಪಲಿಲ್ಲ. "ಅವನ ಬಾಯಿಂದ ಬಿದ್ದಿದ್ದನ್ನ ನಾನು ಎತ್ಕೊಳ್ಳೋದಾ? ಆಗೋಲ್ಲ" ಅಂದಳಂತೆ. ಪಾದ್ರಿ ಬೇಡಿದ, ಗಂಡ ಗದರಿದ. ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಸಾಫ್ತಜ್ಜಿ ಕಾದಳು. ಆಮೇಲೆ ದನಿ ನಿಂತ ಕಡೆಗೆ ಮುಖ ತಿರುಗಿಸಿ, ಕತೆ ಕೇಳುವ ಮಗುವಿನ ಹಾಗೆ ಕೇಳಿದಳಂತೆ: "ಆಮೇಲೆ? ಯಾರು ತೋರಿಸಿದ್ರು ಮಗಾ?"

ಕಟ್ಟಿದವಳೇ ಕೇಳುತ್ತಿದ್ದಾಳೆ, ಉತ್ತರ ಇರುವುದು ತನ್ನೊಬ್ಬಳ ಹತ್ತಿರ. ಪರಸ್ಕೀವಾ ಅಳುತ್ತಲೇ ಹೇಳಿದಳು: "ಮೊದಲು ಎದ್ದವಳ ಒಲೆಯ ಹೊಗೆ."

ಪದ ಮುಂದೆ ಸಾಗಿತು. ಕೊನೆಯ ಮನೆಯವರು ಮುಗಿಸುವಷ್ಟರಲ್ಲಿ ಅದು ತನ್ನದೆಂಬುದನ್ನೂ ಮರೆತಿದ್ದ ಅಜ್ಜಿ, ಚೆನ್ನಾಗಿದೆ, ಯಾರು ಕಟ್ಟಿದ್ದು ಅಂತ ವಿಚಾರಿಸಿದಳಂತೆ. ನೀನೇ ಅಂದರೆ ನಂಬದೆ ನಕ್ಕಳಂತೆ. ಪ್ಲಮ್ ಮರದ ಜಗಳ ತೀರಿತಾ ಅನ್ನಬೇಡಿ, ಮರ ಇರುವಷ್ಟು ದಿನ ಅದೂ ಇತ್ತು.

ಆ ಪದವನ್ನು ಇವತ್ತಿಗೂ ಯಾರೂ ಬರೆದಿಟ್ಟಿಲ್ಲ. ಹೊಸ ಸೊಸೆ ಬಂದ ದಿನ ಅತ್ತೆ ಹಿಟ್ಟು ನಾದುತ್ತ ಮನೆಯ ಸಾಲನ್ನು ಹೇಳಿಕೊಡುತ್ತಾಳಂತೆ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಇಡೀ ಪದ ಹೇಳುತ್ತಾರಂತೆ. ತೋಡರನ ಮನೆಯವರ ಸಾಲು ಮುಗಿದ ಕೂಡಲೇ ಎಲ್ಲ ಸುಮ್ಮನಾಗುತ್ತಾರೆ. ಆಮೇಲೆ ಉತ್ತರ ಗೊತ್ತಿದ್ದೂ ಊರಿಗೆ ಊರೇ ಪರಸ್ಕೀವಾಳ ಮನೆಯವರ ಕಡೆ ತಿರುಗಿ ಕೇಳುತ್ತದಂತೆ: "ಆಮೇಲೆ?"