ಮೊರದಲ್ಲಿ ಕೇರಿದ ಮಣ್ಣು

ದುಂಡಮ್ಮನಿಗೆ ಒಬ್ಬನೇ ಮಗ, ಚಿಕ್ಕಮಾದ. ಹೇಳಿದ ಮಾತನ್ನು ಒಂದಿಷ್ಟೂ ಮೀರದವನು. ಅದೇ ಅವಳ ಗೋಳು.

ಅವಳ ಹೊಟ್ಟೆಪಾಡು ಗುಡ್ಡದ ಕಾಡಿನ ಅಂಟುವಾಳದ ಕಾಯಿ. ಆ ಕಾಡು ಸತ್ತಿದೆ, ಕಡಿದು ನೀಲಗಿರಿ ನೆಡೋಣ ಎಂದು ಮೇಲಿನವರು ಹೊರಟರು. ಮಣ್ಣಿನ ಪರೀಕ್ಷೆಗೆ ಪಟ್ಟಣದಿಂದ ವಾರಿಜಾ ಮೇಡಂ ಬಂದರು. ಮಣ್ಣಲ್ಲಿ ಪುಟ್ಟ ಹುಳಗಳಿದ್ದರೆ ಕಾಡು ಬದುಕಿದೆ, ಇಲ್ಲದಿದ್ದರೆ ಇಲ್ಲ.

"ಮರದ ಬುಡದ ಮಣ್ಣು ತಗೊಂಡು ಬಾಪ್ಪ," ಎಂದರು ಮೇಡಂ.

"ಯಾರ್ಗೇ ಏನ್ ಕೊಟ್ರೂವೆ ಹಸನು ಮಾಡಿ ಕೊಡ್ಲಾ," ಎಂದಳು ಅವ್ವ, ಅಭ್ಯಾಸಬಲದಿಂದ.

ಚಿಕ್ಕಮಾದ ಮಣ್ಣು ತಂದ. ಮೊರದಲ್ಲಿ ಕೇರಿದ, ಜರಡಿ ಹಿಡಿದ, ರಾಗಿಯ ಹಾಗೆ ಬಿಸಿಲಿಗೆ ಹರಡಿ ಒಣಗಿಸಿ ಕೊಟ್ಟ. ಮೇಡಂ ಅದನ್ನು ಜಾಲರಿಯಿಟ್ಟ ಲಾಳಿಕೆಗೆ ಸುರಿದು ಮೇಲೆ ಬಲ್ಬು ಹಚ್ಚಿದರು. ಕಾವಿಗೆ ಹೆದರಿದ ಹುಳ ಕೆಳಗಿನ ಬಟ್ಟಲಿಗೆ ಇಳಿಯಬೇಕು. ಒಂದೂ ಇಳಿಯಲಿಲ್ಲ. ಕಾಡು ಸತ್ತೇ ಹೋಗಿದೆ ಎಂದರು.

ದುಂಡಮ್ಮ ಎದ್ದು ಓಡಿದಳು. ಮನೆಗೆ ಬಂದರೆ ಮೊರದ ತುಂಬ ಧೂಳು.

"ಹುಳ ಎಲ್ಲಿಗ್ಲಾ ಹೋದೊ?"

"ಹಸನು ಮಾಡ್ದೆ ಕನವ್ವ."

"ಪೆದ್ದ ಮುಂಡೇದೆ, ಮಣ್ಣ ಯಾರಾರ ಹಸನು ಮಾಡಾರ? ಕೈ ಆಡಿಸ್ಬೇಡ. ಹೆಂಗದೋ ಹಂಗೇ ಇರ್ಲಿ."

ಮೇಡಂ ಕಾಲಿಗೆ ಬಿದ್ದು ಇನ್ನೊಂದು ಪರೀಕ್ಷೆಗೆ ಒಪ್ಪಿಸಿದಳು. ಚಿಕ್ಕಮಾದ ಮತ್ತೆ ಹೋದ. ಸಂಜೆಯಾದರೂ ಪತ್ತೆಯಿಲ್ಲ. ಹುಡುಕಿಕೊಂಡು ಹೋದರೆ ಮರದ ಬುಡದಲ್ಲಿ ಕೈಕಟ್ಟಿ ನಿಂತಿದ್ದಾನೆ. ಬುಟ್ಟಿ ಖಾಲಿ.

"ಹೆಂಗದೋ ಹಂಗೇ ಅದೆ ಕನವ್ವ. ನಾ ಮುಟ್ಟೇ ಇಲ್ಲ."

"ಅಯ್ಯೋ ಶಿವ್ನೆ. ಮುಟ್ಲಾ, ಎತ್ಕಳ್ಲಾ. ಎಳೆಕೂಸ ಎತ್ಕಂಡಂಗೆ ಎತ್ಕಂಡ್ ಬಾ."

ಮಾರನೆಯ ದಿನ ಒದ್ದೆ ಟವೆಲಿನಲ್ಲಿ ಮಣ್ಣು ಮಲಗಿಸಿ, ತಲೆಗೆ ಬಿಸಿಲು ತಾಗದಂತೆ ಎಲೆ ಹೊದಿಸಿ, ದಾರಿಯುದ್ದಕ್ಕೂ ಜೋಗುಳ ಹಾಡುತ್ತ ಬಂದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ನಗಲಿಲ್ಲ. ಬಲ್ಬು ಹಚ್ಚಿಟ್ಟರು.

ಬೆಳಗ್ಗೆ ಚಿಕ್ಕಮಾದ ಭೂತಗನ್ನಡಿಯಲ್ಲಿ ಬಟ್ಟಲು ನೋಡಿದ. ಬಾಲದಿಂದ ಚಿಮ್ಮಿ ನೆಗೆಯುವವು, ಸಾಸಿವೆಗಿಂತ ಸಣ್ಣ ಎಂಟು ಕಾಲಿನವು, ಹಾಲಿನಷ್ಟು ಬಿಳಿಯವು. ಒಂದು ಊರಿಗೆ ಊರೇ ಅಲ್ಲಿ ಓಡಾಡುತ್ತಿತ್ತು. ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ.

"ನಿಮ್ಮ ಕಾಡು ಬದುಕಿದೆ ದುಂಡಮ್ಮ, ಕಡಿಯೋ ಹಾಗಿಲ್ಲ," ಎಂದರು ಮೇಡಂ. ಬಟ್ಟಲನ್ನು ಚಿಕ್ಕಮಾದನ ಕೈಗಿತ್ತರು. "ಇವನ್ನ ಅಲ್ಲೇ ಬಿಟ್ಟು ಬಾ. ಒಂದೊಂದು ಹೆಜ್ಜೆ ಕೆಳಗೂ ಸಾವಿರಾರು ಇರ್ತವೆ, ನೋಡ್ಕೊಂಡು ಕಾಲಿಡು."

ಹೋದವನು ಬರಲಿಲ್ಲ. ದುಂಡಮ್ಮ ಹೋಗಿ ನೋಡಿದರೆ ತರಗೆಲೆಯ ನಡುವೆ ಒಂಟಿ ಕಾಲಲ್ಲಿ ನಿಂತಿದ್ದಾನೆ.

"ಹೆಜ್ಜೆಗೆ ಸಾವ್ರ ಅವಂತೆ ಕನವ್ವ. ಈ ಕಾಲ ಎಲ್ ಮಡುಗ್ಲಿ?"

ಬೈಯುತ್ತ ಅವನತ್ತ ಹೆಜ್ಜೆಯಿಡಲು ಅವಳು ಒಂದು ಕಾಲೆತ್ತಿದಳು. ಕೆಳಗೆ ನೋಡಿದಳು. ತರಗೆಲೆಯ ಮೇಲೆ ಚುಕ್ಕಿಯಂಥದ್ದೇನೋ ಚಂಗನೆ ನೆಗೆಯಿತು. ಎತ್ತಿದ ಕಾಲು ಹಾಗೇ ನಿಂತಿತು.

ಸಂಜೆ ಮೇಡಂ ಹುಡುಕಿಕೊಂಡು ಬಂದಾಗ ತಾಯಿ ಮಗ ಇಬ್ಬರೂ ಒಂಟಿ ಕಾಲಲ್ಲಿದ್ದರು.

"ಅಲ್ಲೇ ನಿಂತ್ಕಳಿ ಮೇಡಮ್ಮಾರೆ," ಎಂದಳು ದುಂಡಮ್ಮ ಮೆಲ್ಲಗೆ. "ಆ ಕಾಲ ಕೆಳಕ್ಕೆ ಮಡುಗ್ಬೇಡಿ."