ಕಂಬಳಿ ಕಂಡು ಕಚ್ಚಿದ ಕಾವಲು

“ಕೇಳ್ರಪ್ಪೋ ಕೇಳ್ರಿ! ಅರಸುಮಗಳು ನೀಲಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಮೇಲೆ ಮಗಳನ್ನೂ ಕೊಟ್ಟು ಮದುವೆ. ತಪ್ಪಿದವನ ತಲೆ ಕಂದಕಕ್ಕೆ!”

ಡಂಗುರ ಸಾರಿ ತಿಂಗಳಾಗಿತ್ತು. ಬಿದ್ದ ತಲೆ ಹೊತ್ತು ಹಾಕುವ ಕೆಲಸ ಕೋಟೆಯ ನಾಯಿ ಕಾಯೋ ದುರುಗನದು. ಹದಿನೆಂಟು ಹೊತ್ತಿದ್ದ.

ಅಂದು ಬಂದವನು ಪಕ್ಕದ ಸೀಮೆಯ ರಾಜಕುಮಾರ. ಹಾಸಿಗೆ ಹಿಡಿದಿದ್ದ ನೀಲಾಂಬೆ ಕೇಳಿದಳು: “ನನ್ನ ಮನೆಯ ಆಳುಗಳು ಉಂಡರೂ ಏಳಲಾರರು, ಅವರನ್ನು ಬಡಿದವರು ಯಾರು? ಬಿಸಿಲು ತಾಗಿದರೆ ಹೊರಗೋಡೆ ಕೆಂಪಾಗಿ ಉರಿಯುತ್ತೆ, ಸುಟ್ಟವರು ಯಾರು? ಹಿತ್ತಲ ಎರಡು ಜರಡಿ ಕಾಳು ಚೆಲ್ಲಿ ಕಸ ಉಳಿಸಿಕೊಳ್ಳುತ್ತವೆ, ಹರಿದವರು ಯಾರು?”

“ಸೋಮಾರಿತನ, ಸೂರ್ಯ, ಇಲಿ!”

ಕತ್ತಿ ಬಿತ್ತು. ಆಮೇಲೆ ಆಸ್ಥಾನ ವೈದ್ಯರು ಬಂದು, “ವಾತ, ಪಿತ್ತ, ಕಲ್ಲು” ಅಂದರು.

“ನೀವೂ ಮೂವರನ್ನೇ ಹೇಳಿದಿರಲ್ಲ ಪಂಡಿತರೇ,” ಎಂದು ಅವಳು ಕಣ್ಣು ಮುಚ್ಚಿದಳು. ಇಪ್ಪತ್ತನೆಯದೂ ಉರುಳಿತು.

ದುರುಗ ತಲೆ ಎತ್ತಿಕೊಳ್ಳಲಿಲ್ಲ. “ನಾನು ಹೇಳ್ತೀನಿ ಬುದ್ದಿ.”

“ಏನಲೇ, ನಾಯಿ ಕಾಯೋನು ನನ್ನ ಅಳಿಯ ಆಗ್ತೀಯಾ?” ಎಂದ ಅರಸ.

“ತಪ್ಪಿದರೆ ನನ್ನ ತಲೆ ನೀವೇ ಹೊರಬೇಕಾಗುತ್ತೆ ಬುದ್ದಿ, ಅದಕ್ಕೇ ಸರಿಯಾಗಿ ಹೇಳ್ತೀನಿ.” ಅವಳ ಕಡೆ ತಿರುಗಿದ. “ಅಮ್ಮಣ್ಣಿ, ಮನೆ ಅಂದ್ರೆ ನಿಮ್ಮ ಮೈ. ಆಳು ಮಾಂಸಖಂಡ, ಗೋಡೆ ಚರ್ಮ, ಜರಡಿ ಮೂತ್ರಪಿಂಡ. ಮೂರಕ್ಕೂ ಕೈ ಹಾಕಿದ್ದು ಒಬ್ಬನೇ. ಹೊರಗಿನವನಲ್ಲ, ರೋಗ ತಡೆಯೋಕೆ ಮೈಯೊಳಗೆ ನಿಂತ ನಿಮ್ಮದೇ ಕಾವಲು.”

ಅವಳ ಕಣ್ಣು ತೆರೆಯಿತು. “ಹೇಗೆ ತಿಳೀತು?”

“ಹೋದ ವರ್ಷ ಒಬ್ಬ ಕಳ್ಳ ಅರಮನೆಯ ಕಂಬಳಿ ಹೊದ್ದು ನುಗ್ಗಿದ. ನನ್ನ ನಾಯಿಗಳು ಹರಿದು ಹಾಕಿದವು. ಅಲ್ಲಿಂದಾಚೆಗೆ ಕಂಬಳಿ ಹೊದ್ದವರನ್ನೆಲ್ಲ, ಅಡುಗೆಯವನನ್ನೂ ಲಾಯದವನನ್ನೂ ಕಚ್ಚಿದವು. ದ್ರೋಹವಲ್ಲ, ಗುರುತು ತಪ್ಪಿತ್ತು. ನಿಮ್ಮ ಮೈಕಾವಲೂ ಹಾಗೇ.”

“ಆ ಕಾವಲನ್ನೇ ಕೊಂದು ಬಿಡೋಣವೇ?” ಎಂದ ಅರಸ.

“ಕೊಂದರೆ ನಾಳೆ ನಿಜವಾದ ಕಳ್ಳ ಬರ್ತಾನೆ. ಕಹಿ ಮದ್ದು ಕೊಟ್ಟು ಮಂಕು ಮಾಡಬೇಕು, ದಿನಾ ಕೂತು ಕಾಯಬೇಕು.”

“ಗುಣವಾಗ್ತೀನಾ?” ಎಂದಳು ನೀಲಾಂಬೆ.

“ಇಲ್ಲ ಅಮ್ಮಣ್ಣಿ. ಹರಿದ ಜರಡಿ ಕೂಡೋಲ್ಲ. ಉಳಿದದ್ದನ್ನ ಉಳಿಸ್ಕೋಬಹುದು.”

ಅವಳು ಮೊದಲ ಸಲ ಅತ್ತಳು. “ಉತ್ತರ ಸರಿ ಅಪ್ಪಾಜಿ. ಕತ್ತಿ ಒಳಗಿಡಿಸಿ.”

ಕೊಟ್ಟದ್ದನ್ನು ಬೇಡ ಅನ್ನುವ ಪೈಕಿ ಅಲ್ಲ ದುರುಗ. ಅರ್ಧ ರಾಜ್ಯ ತಗೊಂಡ, ತಾಳಿ ಕಟ್ಟಿದ, ಅವಳ ಮಗ್ಗುಲಲ್ಲೇ ಕೂತ. ಐದು ಮಳೆಗಾಲ ಕಾವಲು ಮಲಗಿತ್ತು. ಆರನೆಯದರಲ್ಲಿ ಎದ್ದಿತು, ಅವಳು ಹೋದಳು. ಸೋತ ಅನ್ನೋರು ಅನ್ನಲಿ. ಆ ಐದನ್ನು ತಂದುಕೊಟ್ಟವನು ನಮ್ಮ ದುರುಗ. ಕಿರೀಟದವರಲ್ಲಿ ಒಂದಾದರೂ ತಂದವನಿದ್ದರೆ ಹೆಸರು ಹೇಳಿ, ಕೇಳ್ತೀನಿ.