ಅಮ್ಮನವರ ಕಣ್ಣು ತೆರೆಯಲು ಹೋದ ಸಿದ್ದನ ಪಾಸ್‌ಪೋರ್ಟು

ಬನ್ನಿ, ಬನ್ನಿ, ಕುರ್ಚಿ ಸ್ವಲ್ಪ ಈ ಕಡೆ ಎಳಕೊಳ್ಳಿ. ನಮ್ಮ ಎದುರುಮನೆ ಕಾಳಮ್ಮನಿಗೆ ಒಬ್ಬನೇ ಮಗ, ಸಿದ್ದಾಚಾರಿ. ತಾಯಿಗೆ ಸಿದ್ದ, ಊರಿಗೆ ಪೆದ್ದ. "ಹಾಲು ಉಕ್ಕಿದರೆ ಕೂಗೋ" ಅಂತ ಹೇಳಿ ಅವಳು ನೀರಿಗೆ ಹೋದಳು. ಹಾಲು ಉಕ್ಕಿತು, ಒಲೆ ಆರಿತು, ಪಾತ್ರೆ ಬರಿದಾಯಿತು. ಆಮೇಲೆ ಕೂಗಿದ: "ಉಕ್ಕಿತಮ್ಮಾ!"

"ನಿನ್ನ ತಲೇಲಿರೋದು ಮಿದುಳೋ ಜಲ್ಲಿಯೋ!" ಅಂತ ಕಾಳಮ್ಮ ಹಣೆ ಚಚ್ಚಿಕೊಂಡಳು.

ಆದರೆ ಸ್ವಾಮಿ, ಅವನ ಕೈಗೆ ಉಳಿ ಕೊಟ್ಟು ನೋಡಿ! ಕಲ್ಲು ಬೆಣ್ಣೆಯಾಗುತ್ತದೆ. ಕಡಲಾಚೆ ಒಂದು ದೇಶದಲ್ಲಿ ನಮ್ಮವರು ಗುಡಿ ಕಟ್ಟಿದರು. ಅಲ್ಲಿಗೆ ಅಮ್ಮನವರ ಮೂರ್ತಿ ಕೆತ್ತಿದವನು ಇದೇ ಸಿದ್ದ. ಮೂರ್ತಿ ಹಡಗು ಹತ್ತಿ ಹೋಯಿತು, ಕಣ್ಣು ಮಾತ್ರ ಬಾಕಿ. ಶಿಲ್ಪಿಗಳ ಪದ್ಧತಿ ಹಾಗೆ: ಮೂರ್ತಿ ಕೆತ್ತಿದ ಕೈಯೇ ಕಣ್ಣು ತೆರೆಯಬೇಕು, ಅದೂ ಪ್ರತಿಷ್ಠೆಯ ದಿನ. ತೆರೆದ ಕೂಡಲೇ ಎದುರಿಗೆ ಕನ್ನಡಿ ಹಿಡಿಯಬೇಕು. ಮೊದಲ ನೋಟ ಬಲು ಉಗ್ರವಂತೆ, ಮನುಷ್ಯರು ಎದುರು ನಿಲ್ಲಬಾರದು.

ಮುಹೂರ್ತ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ತಪ್ಪಿದರೆ ಮತ್ತೆ ಒಂದು ವರ್ಷ.

"ವರ್ಷವಿಡೀ ನನ್ನ ಮಗ ಕೆತ್ತಿದ ತಾಯಿ ಕಣ್ಣಿಲ್ಲದೆ ನಿಂತಿರಬೇಕಾ?" ಅಂತ ಕಾಳಮ್ಮನಿಗೆ ಸಂಕಟ. ಸಿದ್ದನಿಗೆ ವೀಸಾ ಬಂತು. ಆದರೆ ಗುಡಿ ಇರೋದು ದೂರದ ಒಳನಾಡಿನಲ್ಲಿ. ಆ ದೇಶದಲ್ಲಿ ವೀಸಾದವರು ಊರಿಂದ ಊರಿಗೆ ಹೋಗಬೇಕಾದರೂ ಅಲ್ಲಲ್ಲಿ ತಡೆದು ಕಾಗದ ನೋಡುತ್ತಾರೆ. ಅವನು ಅಲ್ಲಿ ಇಳಿದ ಕೂಡಲೇ ಕಾಳಮ್ಮ ಫೋನ್ ಮಾಡಿದಳು:

"ಸಿದ್ದಾ, ಪಾಸ್‌ಪೋರ್ಟು ಜೋಪಾನ! ಎದೆಗೆ ಅಂಟಿಸ್ಕೊಂಡಿರು, ಯಾರ ಕೈಗೂ ಕೊಡಬೇಡ!"

"ಆಯ್ತಮ್ಮ."

ಎದೆಗೆ ಅಂಟಿಸಿಕೊಂಡ. ಹೇಗೆ ಅಂತೀರಿ? ಅಂಗಿಯ ಒಳಗಡೆ ಇಟ್ಟು ಸುತ್ತಲೂ ಹೊಲಿದುಬಿಟ್ಟ! ಬುಧವಾರ ಒಳನಾಡಿನ ರೈಲಿನ ಬಾಗಿಲಲ್ಲಿ ಅಧಿಕಾರಿ ಕೈ ಚಾಚಿದ. ಸಿದ್ದ ಎದೆ ತಟ್ಟಿ ತೋರಿಸಿದ. ಅಧಿಕಾರಿ ಎಳೆದ, ಸಿದ್ದ ಅಪ್ಪಿಕೊಂಡ. ಕತ್ತರಿ ತಂದರು, ಹೊಲಿಗೆ ಬಿಚ್ಚಿದರು, ಓದಿದರು, ಸರಿಯಾಗಿದೆ ಅಂದರು. ಅಷ್ಟರಲ್ಲಿ ರೈಲು ಹೋಗಿತ್ತು.

ಕಾಳಮ್ಮ ಫೋನ್ ಮಾಡುತ್ತಿದ್ದದ್ದು ನಮ್ಮ ಜಗುಲಿಯಿಂದ, ಹಾಗಾಗಿ ಬೈಗುಳವೆಲ್ಲ ನನಗೂ ಬಾಯಿಪಾಠ. "ಅಯ್ಯೋ ಪೆದ್ದೇ! ಕೇಳಿದರೆ ಕೊಡೋದಲ್ವೇನೋ! ಇನ್ಮೇಲೆ ಕೇಳಿದವರಿಗೆ ಎರಡೂ ಕೈಯಲ್ಲಿ ಕೊಡು!"

"ಆಯ್ತಮ್ಮ."

ಬಸ್ಸು ಹತ್ತಿದ. ಪಕ್ಕದಲ್ಲಿ ಒಬ್ಬಳು ಮುದುಕಿ. ಕಿಟಕಿ ತೋರಿಸಿ ಏನೋ ಕೇಳಿದಳು, ಗಾಳಿಗೆ ತೆರೆಯಪ್ಪಾ ಅಂತಿರಬೇಕು. ಸಿದ್ದ ಎರಡೂ ಕೈಯಲ್ಲಿ ಪಾಸ್‌ಪೋರ್ಟು ಕೊಟ್ಟ! ಮುದುಕಿ ಅದರಲ್ಲೇ ಗಾಳಿ ಬೀಸಿಕೊಂಡಳು, ಚೀಲಕ್ಕೆ ಹಾಕಿಕೊಂಡಳು, ಮುಂದಿನ ಊರಲ್ಲಿ ಇಳಿದೇ ಹೋದಳು. ಸಿದ್ದನಿಗೆ ಚಿಂತೆಯೇ ಇಲ್ಲ! ಮುಂದಿನ ತಪಾಸಣೆಯವರು ಕೈ ಚಾಚಿದಾಗ ಹಿಂದಿನ ರಸ್ತೆಯತ್ತ ಬೆರಳು ಮಾಡಿದ. ಆ ಪುಣ್ಯಾತ್ಮರು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ, ಮುದುಕಿಯನ್ನು ಹುಡುಕಿ ಕೊಡಿಸಿದರು. ಮುದುಕಿ ಎರಡು ಮೂಸಂಬಿಯನ್ನೂ ಕೊಟ್ಟಳು.

"ಮೂಸಂಬಿ ಚೆನ್ನಾಗಿತ್ತಮ್ಮ!"

"ನಿನ್ನ ಮೂಸಂಬಿಗೆ ಬೆಂಕಿ ಬೀಳ! ಯಾರಿಗೆ ಬೇಕಾದರೂ ಕೊಡ್ತಾರೇನೋ? ಟೋಪಿ, ಹಿತ್ತಾಳೆ ಗುಂಡಿ ಹಾಕಿರೋರಿಗೆ ತೋರಿಸು!"

"ಆಯ್ತಮ್ಮ."

ಬಸ್ಸೂ ತಪ್ಪಿಹೋಗಿತ್ತು, ಗುರುವಾರ ಒಳನಾಡಿನ ವಿಮಾನ ಹಿಡಿಯಲು ನಿಲ್ದಾಣಕ್ಕೆ ನಡೆದು ಹೊರಟ. ಎದುರಿಗೆ ಬಂತು ನೋಡಿ ಬ್ಯಾಂಡ್ ಸೆಟ್ಟು! ಮೂವತ್ತು ಜನ, ಮೂವತ್ತು ಟೋಪಿ, ಗುಂಡಿಗಳ ಲೆಕ್ಕ ಯಾರಿಗೆ ಗೊತ್ತು? ಕಹಳೆಯವನಿಗೆ ತೋರಿಸಿದ. ಕೊಳಲಿನವನಿಗೆ ತೋರಿಸಿದ. ಡೋಲಿನವನು ಕೈ ಬಿಡುವಿಲ್ಲದೆ ಅದನ್ನು ಡೋಲಿನ ಮೇಲಿಟ್ಟುಕೊಂಡೇ ಬಾರಿಸಿದ. ಮೂವತ್ತನೆಯವನಿಗೆ ತೋರಿಸುವ ಹೊತ್ತಿಗೆ ಊರು ಒಂದು ಸುತ್ತು ಆಗಿತ್ತು, ವಿಮಾನ ಹಾರಿತ್ತು.

ಇನ್ನು ಉಳಿದದ್ದು ಶುಕ್ರವಾರ ಬೆಳಗಿನ ಮೊದಲ ವಿಮಾನ ಒಂದೇ. ಕಾಳಮ್ಮ ಈ ಸಲ ಬೈಯಲಿಲ್ಲ, ಅತ್ತಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಕ್ಷರಾಭ್ಯಾಸ ಮಾಡಿಸುವಂತೆ ಹೇಳಿಕೊಟ್ಟಳು.

"ಟೋಪಿ ಬಿಡು, ಗುಂಡಿ ಬಿಡು. ಯಾರು ಕಣ್ಣರಳಿಸಿ ನೆಟ್ಟಗೆ ನಿನ್ನ ಮುಖಾನೇ ನೋಡ್ತಾರೋ, ಅವರ ಎದುರಿಗೆ ಹೋಗಿ ನಿಂತ್ಕೋ. ಎರಡೂ ಕೈಯಲ್ಲಿ ಪಾಸ್‌ಪೋರ್ಟು ಹಿಡಿ. ಬಾಯಿ ಬಿಡಬೇಡ. 'ಹೋಗು' ಅನ್ನೋವರೆಗೂ ಕದಲಬೇಡ!"

"ಆಯ್ತಮ್ಮ."

ಶುಕ್ರವಾರ ಬೆಳಿಗ್ಗೆ ಮೇಜಿನ ಹಿಂದೆ ಒಬ್ಬ ಅಧಿಕಾರಿಣಿ. ಕಣ್ಣರಳಿಸಿ ನೋಡಿದಳು. ಸಿದ್ದ ಎದುರಿಗೆ ನಿಂತ, ಹಿಡಿದ. ಅವಳ ಮಾತನ್ನು ಅವಳ ಫೋನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಕೇಳಿತು: "ತಾವು ಯಾವ ಕಾರ್ಯಕ್ಕೆ ಪ್ರಯಾಣಿಸುವಿರಿ?"

ಸಿದ್ದ ಬಾಯಿ ಬಿಡಲಿಲ್ಲ! ಅವಳು ಮತ್ತೆ ಕೇಳಿಸಿದಳು. ಊಹೂಂ. ಖೈದು ಮಾಡುವುದೋ ವಾಪಸು ಕಳಿಸುವುದೋ ಅಂತ ಅವಳು ಯೋಚಿಸುತ್ತಿದ್ದಾಗ, ಸಿದ್ದ ಜೇಬಿನಿಂದ ಸೀಮೆಸುಣ್ಣ ತೆಗೆದ. ಮೇಜಿನ ಮೇಲೆ ಒಂದು ಮುಖ ಬರೆದ. ಹಣೆ, ಮೂಗು, ತುಟಿ, ಕಿರೀಟ, ಕಣ್ಣಿಲ್ಲ. ಉಸಿರು ಹಿಡಿದು ಎರಡೇ ಎರಡು ಗೀರು ಎಳೆದ. ಮೇಜು ಅವಳನ್ನು ನೋಡಿತು ಸ್ವಾಮಿ! ಅವಳು ತಟ್ಟನೆ ಎದ್ದು ನಿಂತಳು. ಮುದ್ರೆ ಒತ್ತಿ, ಫೋನಿನಿಂದಲೇ "ಹೋಗು" ಅನ್ನಿಸಿದಳು. ಆ ಮೇಜನ್ನು ಒರೆಸಲು ಯಾರಿಗೂ ಬಿಡಲಿಲ್ಲವಂತೆ. ನಾವು ನಲವತ್ತು ಪುಸ್ತಕ ಓದಿದವರು ಇಂಥ ಉತ್ತರ ಕೊಟ್ಟೇವೇ?

"ನನ್ನ ಬಂಗಾರ!" ಅಂತ ಕಾಳಮ್ಮ ಫೋನಿಗೇ ಮುತ್ತು ಕೊಟ್ಟಳು. "ಇವತ್ತು ಮಾಡಿದ ಹಾಗೇ ಇನ್ಮೇಲೆ ಎಲ್ಲ ಕಡೆಯೂ ಮಾಡು ಮಗನೇ!"

"ಆಯ್ತಮ್ಮ."

ಹತ್ತಕ್ಕೆ ಐದು ನಿಮಿಷವಿರುವಾಗ ಗುಡಿ ಮುಟ್ಟಿದ. ವಾದ್ಯ ಕೇಳಬೇಕು, ಫೋನ್ ಇಡಬೇಡ ಅಂದಿದ್ದಳು ತಾಯಿ. ಫೋನು ಅಂಗಿ ಜೇಬಿನಲ್ಲಿ, ಜೋರು ಧ್ವನಿಯಲ್ಲಿ. ಇಲ್ಲಿ ನಾವಿಬ್ಬರೂ ಜಗುಲಿಯಲ್ಲಿ ಕಿವಿಯಾಗಿ ಕೂತೆವು. ಚಿನ್ನದ ಉಳಿ, ಬೆಳ್ಳಿ ಸುತ್ತಿಗೆ. ಟಿಕ್. ಟಿಕ್. ಸರಿಯಾಗಿ ಹತ್ತು! ಜಾಗಟೆ ಮೊಳಗಿತು. ಕಾಳಮ್ಮ ಕೈ ಮುಗಿದಳು. "ನನ್ನ ತಾಯಿಗೆ ಕಣ್ಣು ಬಂತು!"

ಅಷ್ಟರಲ್ಲಿ ಫೋನಿನಲ್ಲಿ ಕೂಗಾಟ. ಗುಡಿಯ ಧರ್ಮದರ್ಶಿ ಶಾಮಣ್ಣನವರ ಗಂಟಲು: "ಎದುರಿಗೆ ಹೋಗಬೇಡಪ್ಪಾ! ಕನ್ನಡಿ! ಕನ್ನಡಿ ಹಿಡೀರಿ! ಅಯ್ಯೋ, ಅಮ್ಮನವರಿಗೆ ಪಾಸ್‌ಪೋರ್ಟು ತೋರಿಸ್ತಿದ್ದಾನಲ್ಲರೀ!"

ಮತ್ತೇನು! ಅಮ್ಮನವರು ಕಣ್ಣರಳಿಸಿ ನೆಟ್ಟಗೆ ಅವನ ಮುಖವನ್ನೇ ನೋಡಿದ್ದರು. ಲೋಕದಲ್ಲಿ ಆ ತಾಯಿ ಮೊದಲು ಕಂಡದ್ದು ಸಿದ್ದಾಚಾರಿಯ ಪಾಸ್‌ಪೋರ್ಟು. ಅವನ ಒಂದು ಕೂದಲೂ ಕೊಂಕಲಿಲ್ಲ. ಕೆತ್ತಿದ ಮಗನನ್ನು ಸುಡುವ ತಾಯಿ ಉಂಟೇ? ಅರ್ಚಕರು ರಟ್ಟೆ ಹಿಡಿದು ಎಳೆದರು, ಕದಲಲಿಲ್ಲ. ಶಾಮಣ್ಣನವರು ಬೇಡಿಕೊಂಡರು, ಕದಲಲಿಲ್ಲ. ಆರತಿ ತಟ್ಟೆ ಹಿಡಿದು ಜನ ಕಾದರು. ಸಿದ್ದ ಬಾಯಿ ಮುಚ್ಚಿ, ಎರಡೂ ಕೈ ಚಾಚಿ, ಅಮ್ಮನವರ ಬಾಯನ್ನೇ ನೋಡುತ್ತ ನಿಂತ.

ಇಲ್ಲಿ ಕಾಳಮ್ಮನಿಗೆ ತಡೆಯಲಿಲ್ಲ. ನನ್ನ ಕೈಯಿಂದ ಫೋನ್ ಕಸಿದುಕೊಂಡು ಬೀದಿ ನಡುಗುವಂತೆ ಕೂಗಿದಳು: "ಹೋಗೋ ಪೆದ್ದು ಮುಂಡೇದೇ, ಹೋಗು!"

ಗರ್ಭಗುಡಿಯೊಳಗಿಂದ ಹೆಣ್ಣುದನಿ! ಇದ್ದವರೆಲ್ಲ ದಬದಬನೆ ಅಡ್ಡಬಿದ್ದರು. ಅಮ್ಮನವರು ಮಾತಾಡಿದರು, ಅದೂ ನಮ್ಮ ಸೀಮೆಯ ಕನ್ನಡದಲ್ಲಿ!

ಸಿದ್ದ ಮಾತ್ರ ಬೀಳಲಿಲ್ಲ. "ಆಯ್ತಮ್ಮ" ಅಂದ. ಪಾಸ್‌ಪೋರ್ಟು ಮಡಚಿ ಜೇಬಿಗೆ ಹಾಕಿದ, ಹೊರಟ. ಜನ ತಲೆ ಎತ್ತಿ, ಶಾಲು, ಹಾರ, ಹಣ್ಣಿನ ತಟ್ಟೆ ಹಿಡಿದು ಹುಡುಕುವ ಹೊತ್ತಿಗೆ ಅವನು ಬರಿಗಾಲಿನಲ್ಲಿ ವಿಮಾನ ನಿಲ್ದಾಣದ ದಾರಿಯಲ್ಲಿದ್ದ. ಶಾಮಣ್ಣನವರು ಕಾರಿನಲ್ಲಿ ಅಟ್ಟಿಸಿಕೊಂಡು ಹೋಗಿ, "ಊಟ ಆದರೂ ಮಾಡಿಕೊಂಡು ಹೋಗೋ ಮಾರಾಯ!" ಅಂದರು.

"ಆಗಲ್ಲ ಸಾರ್," ಅಂದ ಸಿದ್ದ, "ಒಂದು ಸಲ ಹೋಗು ಅಂದಮೇಲೆ ನಿಂತರೆ ಆಯಮ್ಮ ಮತ್ತೆ ಪಾಸ್‌ಪೋರ್ಟು ಕೇಳ್ತಾರೆ."